ಹೇಳಿಕೊಳ್ಳಲಾಗದ ಭಾರ

ಹೊಳೆಮಣ್ಣೂರ ಮಲಪ್ರಭೆಯ ದಂಡೆಯ ಊರು. ಈ ಕರಿಮಣ್ಣಿನ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಹೆಣ್ಣುಮಕ್ಕಳು ಸೆರಗನ್ನು ನಡುವಿಗೆ ಕಟ್ಟಿ ಉಡಿ ಮಾಡಿಕೊಂಡು ಸಾಲು ಹಿಡಿಯುತ್ತಾರೆ. ಬಿಡಿಸಿದ ಹತ್ತಿ ಉಡಿಗೆ ಬೀಳುತ್ತಾ ಹೋಗುತ್ತದೆ. ಮೊದಮೊದಲು ಹಗುರ. ಉಡಿ ತುಂಬುತ್ತಾ ಬಂದಂತೆ ನಡು ಸೆಳೆಯತೊಡಗುತ್ತದೆ, ಬೆನ್ನು ಮುಂದಕ್ಕೆ ಬಾಗುತ್ತದೆ. ಆಗ ಬದುವಿಗೆ ಹೋಗಿ ಉಡಿ ಸುರುವಿ, ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತು ಒಮ್ಮೆ ಉಸಿರು ಬಿಟ್ಟರೆ ಅರ್ಧ ದಣಿವು ಅಲ್ಲೇ ಇಳಿಯುತ್ತದೆ.

ಆದರೆ ಸುರುವಿ ಬರಲಾಗದ ಉಡಿಯೊಂದನ್ನು ಹಗಲೂ ರಾತ್ರಿ ಹೊತ್ತುಕೊಂಡೇ ಇರುವ ಹೆಣ್ಣುಮಕ್ಕಳೂ ಇದ್ದಾರೆ. ಮೈಯ ಅಳತೆಗೆ ಮೀರಿ ಬೆಳೆದ ಸ್ತನಗಳ ಭಾರದಿಂದ ಅವರ ಕುತ್ತಿಗೆ, ಹೆಗಲು, ಬೆನ್ನು ಸದಾ ನೋಯುತ್ತಿರುತ್ತವೆ. ನೋಡುವವರ ಕಣ್ಣಿಗೆ ಬೀಳುವುದು ಗಾತ್ರ ಮಾತ್ರ. ತೂಕ ಗೊತ್ತಿರುವುದು ಹೊತ್ತವರಿಗೆ. ಕಾಲು ನೋವನ್ನು ಊರಿಗೆಲ್ಲ ಹೇಳಬಹುದು, ಹಲ್ಲು ನೋವನ್ನು ದಾರಿಯಲ್ಲಿ ಸಿಕ್ಕವರಿಗೆ ಹೇಳಬಹುದು. ಈ ನೋವನ್ನು ಹೆತ್ತ ತಾಯಿಗೂ ಹೇಳಲು ನಾಚಿಕೆ. ಹೀಗಾಗಿ ಇದಕ್ಕೆ ಔಷಧೋಪಚಾರವಿದೆ, ಶಸ್ತ್ರಚಿಕಿತ್ಸೆಯೂ ಇದೆ ಎಂಬ ಸಂಗತಿ ಎಷ್ಟೋ ಮನೆಗಳನ್ನು ಮುಟ್ಟಿಯೇ ಇಲ್ಲ.

ಇಂಥ ತೊಂದರೆಯಿರುವ, ಕಾಲೇಜಿಗೆ ಹೋಗುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹೈಸ್ಕೂಲಿನಲ್ಲಿ ಖೊಖೊ ತಂಡದಲ್ಲಿ ಓಡುತ್ತಿದ್ದವಳು ಈಗ ಆಟದ ಮೈದಾನದ ಕಡೆ ಸುಳಿಯುವುದಿಲ್ಲ. ಪುಸ್ತಕದ ಚೀಲವನ್ನು ಎದೆಗೆ ಅವಚಿಕೊಂಡೇ ಬಸ್ಸು ಹತ್ತುತ್ತಾಳೆ. ಬರೆಯಲು ಕುಳಿತರೆ ಅರ್ಧ ಗಂಟೆಗೆ ಕುತ್ತಿಗೆ ಹಿಡಿಯುತ್ತದೆ. ಮನೆಯಲ್ಲಿ ಅಜ್ಜಿ, ‘ಮುದುಕಿ ಹಂಗ ಯಾಕ ಬಾಗತಿ? ನೆಟ್ಟಗ ನಿಂದ್ರು’ ಎನ್ನುತ್ತಾಳೆ. ನೆಟ್ಟಗೆ ನಿಂತರೆ ಅತ್ತೆ, ‘ಸೆಟದು ನಡೀಬ್ಯಾಡ, ಮಂದಿ ನೋಡತಾರ’ ಎನ್ನುತ್ತಾಳೆ. ಎರಡೂ ಮಾತು ಪ್ರೀತಿಯಿಂದ ಬಂದವೇ. ಆದರೆ ಹುಡುಗಿ ಬಾಗಬೇಕೋ, ನಿಲ್ಲಬೇಕೋ? ‘ನಿನಗ ಎಲ್ಲೆ ನೋಯ್ತೈತಿ’ ಎಂದು ಮಾತ್ರ ಯಾರೂ ಕೇಳಲಿಲ್ಲ.

ಮೈಯೊಳಗೆ ನಡೆಯುವುದೇನು?

ಸ್ತನವೆಂಬುದು ಪಕ್ಕೆಲುಬುಗಳ ಮೇಲಿನ ದೊಡ್ಡ ಸ್ನಾಯುವಿಗೆ ಅಂಟಿಕೊಂಡು ಕುಳಿತಿರುವ ಒಂದು ಗ್ರಂಥಿ. ಅದರೊಳಗೆ ಹಾಲು ತಯಾರಿಸುವ ಅಂಗಾಂಶ 15ರಿಂದ 20 ಹಾಲೆಗಳಾಗಿ ಹಂಚಿಕೊಂಡಿದೆ. ಅವುಗಳ ನಡುವೆ ಕೊಬ್ಬು ತುಂಬಿರುತ್ತದೆ. ಇವೆಲ್ಲವನ್ನೂ ಚರ್ಮಕ್ಕೂ ಹಿಂದಿನ ಪೊರೆಗೂ ಕಟ್ಟಿ ನಿಲ್ಲಿಸುವುದು ನಾರಿನಂಥ ಪಟ್ಟಿಗಳು. ಇವನ್ನು ವಿವರಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಲಿ ಕೂಪರನ ಹೆಸರಿನಲ್ಲೇ ಅವನ್ನು ಕೂಪರನ ಬಂಧಗಳೆನ್ನುತ್ತಾರೆ. ಸ್ತನದೊಳಗೆ ಮೈಯನ್ನು ಎತ್ತಿ ಹಿಡಿಯುವಂಥ ಸ್ನಾಯು ಇಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಭಾರ ಹೆಚ್ಚಿದರೆ ಹೊರುವುದು ಚರ್ಮ ಮತ್ತು ಈ ನಾರುಪಟ್ಟಿಗಳೇ. ಅವು ಒಮ್ಮೆ ಹಿಗ್ಗಿದರೆ ಮತ್ತೆ ಮೊದಲಿನಂತೆ ಬಿಗಿಯುವುದಿಲ್ಲ.

ಹುಡುಗಿ ಪ್ರಾಯಕ್ಕೆ ಬರುವಾಗ ಅಂಡಾಶಯದಿಂದ ಹೊರಡುವ ಈಸ್ಟ್ರೋಜನ್ ಹಾರ್ಮೋನು ಈ ಗ್ರಂಥಿಗೆ ಬೆಳೆಯುವಂತೆ ಸಂದೇಶ ಕೊಡುತ್ತದೆ. ಬೆಳವಣಿಗೆ ಕೆಲವು ವರ್ಷ ನಡೆದು ತಾನಾಗಿ ನಿಲ್ಲುತ್ತದೆ. ಎಲ್ಲಿ ನಿಲ್ಲಬೇಕೆಂಬುದು ಬಹುಮಟ್ಟಿಗೆ ವಂಶದಿಂದ ಬಂದ ಗುಣ. ಎತ್ತರ, ಮೂಗಿನ ಆಕಾರ, ಕೂದಲ ದಪ್ಪ ಬಂದ ಹಾಗೆಯೇ ಇದೂ. ಕೆಲವರಲ್ಲಿ ಅದು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ವಿರಳವಾಗಿ ಕೆಲವು ಬಾಲಕಿಯರಲ್ಲಿ ಪ್ರಾಯ ಬಂದ ಸ್ವಲ್ಪ ಕಾಲದಲ್ಲೇ, ಒಮ್ಮೊಮ್ಮೆ ಕೆಲವೇ ತಿಂಗಳಲ್ಲಿ, ಬೆಳವಣಿಗೆ ವಿಪರೀತವಾಗಿಬಿಡುತ್ತದೆ. ಅಂಥವರ ರಕ್ತ ಪರೀಕ್ಷಿಸಿದರೆ ಹಾರ್ಮೋನಿನ ಪ್ರಮಾಣ ಸಾಮಾನ್ಯವಾಗಿ ಎಲ್ಲರಲ್ಲಿರುವಷ್ಟೇ ಇರುತ್ತದೆ. ಸಂದೇಶ ಮಾಮೂಲಿನದೇ, ಆದರೆ ಕೇಳಿಸಿಕೊಳ್ಳುವ ಅಂಗಾಂಶದ ಕಿವಿ ಅತಿ ಚುರುಕು ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಬಸಿರಿನಲ್ಲಿಯೂ ಬಹು ವಿರಳವಾಗಿ ಹೀಗಾಗುವುದುಂಟು. ಮೈತೂಕ ಹೆಚ್ಚಿದವರಲ್ಲಿ ಕೊಬ್ಬಿನ ಪಾಲೂ ಸೇರಿಕೊಳ್ಳುತ್ತದೆ.

ಒಂದೊಂದು ಬದಿಯಿಂದ ಒಂದೂವರೆ ಕಿಲೋಗಿಂತ ಹೆಚ್ಚು ಅಂಗಾಂಶ ತೆಗೆಯಬೇಕಾಗುವಷ್ಟು ಬೆಳವಣಿಗೆಯನ್ನು ಅನೇಕ ವೈದ್ಯರು ‘ಜೈಗ್ಯಾಂಟೊಮ್ಯಾಸ್ಟಿಯಾ’, ಅಂದರೆ ದೈತ್ಯಸ್ತನ, ಎಂದು ಕರೆಯುತ್ತಾರೆ. ಎಲ್ಲರೂ ಒಪ್ಪಿದ ಒಂದೇ ಗೆರೆ ಇಲ್ಲ. ಅದಕ್ಕಿಂತ ಕಡಿಮೆ ತೂಕವಿದ್ದರೂ ಮೈಕಟ್ಟು ಸಣ್ಣದಾದವಳಿಗೆ ನೋವು ತಪ್ಪಿದ್ದಲ್ಲ.

ಇಷ್ಟನ್ನು ತಿಳಿದ ಮೇಲೆ ಒಂದು ಮಾತು ಸ್ಪಷ್ಟವಾಗಬೇಕು. ಹುಡುಗಿಯ ನಡತೆಗೂ ಇದಕ್ಕೂ ಸಂಬಂಧವಿಲ್ಲ. ಅವಳ ಯೋಚನೆ, ಗೆಳೆತನ, ನೋಡುವ ಸಿನಿಮಾ ಯಾವುದೂ ಕಾರಣವಲ್ಲ. ಕಟ್ಟೆಯ ಮೇಲೆ ಕುಳಿತು ಹಾಗೆ ಮಾತಾಡುವವರು ಜೀವಶಾಸ್ತ್ರದ ಪಾಠ ಓದಿಲ್ಲವೆಂದಷ್ಟೇ ತಿಳಿಯಬೇಕು.

ಸನ್ನೆಯ ಲೆಕ್ಕ

ನೋವು ಏಕೆ ಬರುತ್ತದೆ ಎಂಬುದಕ್ಕೆ ವಿದ್ಯಾರ್ಥಿಗಳು ಭೌತಶಾಸ್ತ್ರದ ಸನ್ನೆಯ ಪಾಠವನ್ನು ನೆನಪಿಸಿಕೊಂಡರೆ ಸಾಕು. ನೀರಿನ ಕೊಡ ತಲೆಯ ಮೇಲಿದ್ದಾಗ ಅದರ ಭಾರ ನೇರವಾಗಿ ಬೆನ್ನುಮೂಳೆಯ ಕಂಬದ ಮೇಲೆ ಇಳಿಯುತ್ತದೆ. ಅದೇ ಕೊಡವನ್ನು ಕೈ ಚಾಚಿ ಮುಂದೆ ಹಿಡಿಯಿರಿ. ನಾಲ್ಕು ಹೆಜ್ಜೆಗೆ ಬೆನ್ನು ಸೋಲುತ್ತದೆ. ಭಾರ ಅಷ್ಟೇ, ದೂರ ಬೇರೆ.

ಎದೆಯ ಭಾರವೂ ಕಂಬದ ಮುಂದೆ ತೂಗುವ ಭಾರ. ಲೆಕ್ಕಕ್ಕಾಗಿ ಎರಡೂ ಬದಿ ಸೇರಿ 4 ಕಿಲೋ ಎಂದಿಟ್ಟುಕೊಳ್ಳೋಣ. ಅದು ಬೆನ್ನಿನ ಕೀಲಿನಿಂದ 20 ಸೆಂಟಿಮೀಟರ್ ಮುಂದೆ ಇದೆ. ಮೈ ಮುಂದಕ್ಕೆ ಬೀಳದಂತೆ ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳು ಅದೇ ಕೀಲಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇವೆ. ಭಾರವನ್ನು ದೂರದಿಂದ ಗುಣಿಸಿದರೆ 4 ಗುಣಿಲೆ 20, ಅಂದರೆ 80. ಹಿಂದಿನ ಬದಿಯಲ್ಲೂ 80 ಬರಬೇಕಾದರೆ ಸ್ನಾಯು ಎಳೆಯಬೇಕಾದ್ದು 16 ಕಿಲೋ. ಮುಂದಿನ 4, ಹಿಂದಿನ 16 ಎರಡೂ ಸೇರಿ ಕೀಲಿನ ಮೇಲೆ ಬೀಳುವುದು 20 ಕಿಲೋ. ಇಪ್ಪತ್ತು ಲೀಟರ್ ನೀರಿನ ತೂಕ ಇದು! ಬಾಗಿ ಕಸ ಗುಡಿಸುವಾಗ, ಕಳೆ ತೆಗೆಯುವಾಗ ಭಾರ ಇನ್ನೂ ಮುಂದಕ್ಕೆ ಸರಿಯುತ್ತದೆ, ಸ್ನಾಯುವಿನ ಕೆಲಸ ಇನ್ನೂ ಹೆಚ್ಚುತ್ತದೆ.

ಇದರ ಗುರುತುಗಳು ಮೈಯ ಮೇಲೆ ಕಾಣುತ್ತವೆ. ಒಳ ಉಡುಪಿನ ಪಟ್ಟಿ ಹೆಗಲಿನಲ್ಲಿ ಕೊರೆದು ಗುಳಿ ಬೀಳುತ್ತದೆ. ಕುತ್ತಿಗೆ, ಬೆನ್ನಿನ ಮೇಲ್ಭಾಗ ಸದಾ ಬಿಗಿದಿರುತ್ತವೆ. ತಲೆನೋವು ಬರುತ್ತದೆ. ಕೆಲವರಿಗೆ ಕೈಬೆರಳು ಜುಮುಗುಡುತ್ತವೆ. ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ, ಹುಣ್ಣಾಗಿ, ಬೂಷ್ಟಿನ ಸೋಂಕು ತಗಲುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇದರ ಉರಿ ಅನುಭವಿಸಿದವರಿಗೇ ಗೊತ್ತು. ಓಟ, ಆಟ, ಈಜು ಬಿಟ್ಟುಹೋಗುತ್ತವೆ. ಆಟ ಬಿಟ್ಟಮೇಲೆ ಮೈತೂಕ ಏರುತ್ತದೆ, ತೂಕ ಏರಿದಂತೆ ಭಾರವೂ ಏರುತ್ತದೆ. ಹೀಗೆ ಇದೊಂದು ಗಾಣದ ಸುತ್ತು.

ಎಣ್ಣೆ, ಮುಲಾಮು, ಬಿಗಿ ಉಡುಪು

ಹಾಗಾದರೆ ಮೊದಲು ಮಾಡಬೇಕಾದ್ದೇನು? ಸರಿಯಾದ ಅಳತೆಯ, ಅಗಲ ಪಟ್ಟಿಯ ಒಳ ಉಡುಪು ಮೊದಲನೆಯದು. ಅಂಗಡಿಯಲ್ಲಿ ಗಂಡಸರು ಕುಳಿತಿರುತ್ತಾರೆಂದು ಸಂಕೋಚಪಟ್ಟು ಅಂದಾಜಿನ ಮೇಲೆ ಕೊಂಡು ತರುವ ರೂಢಿ ಇದೆ. ಅಳತೆ ತಪ್ಪಿದರೆ ಭಾರವೆಲ್ಲ ಹೆಗಲ ಪಟ್ಟಿಯ ಮೇಲೆ ಬೀಳುತ್ತದೆ. ನಿಜವಾಗಿ ಅದನ್ನು ಹೊರಬೇಕಾದದ್ದು ಎದೆಯ ಸುತ್ತಲಿನ ಪಟ್ಟಿ. ಮನೆಯಲ್ಲೇ ಟೇಪು ಹಿಡಿದು ಎದೆಯ ಸುತ್ತಳತೆ, ಸ್ತನದ ಕೆಳಗಿನ ಸುತ್ತಳತೆ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದರೆ ಮಾತಾಡುವ ಕಷ್ಟವೂ ಇಲ್ಲ.

ಮೈತೂಕ ಹೆಚ್ಚಿದ್ದರೆ ಇಳಿಸುವುದು ಒಳ್ಳೆಯದೇ. ಬೆನ್ನಿನ, ಹೆಗಲಿನ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರೆ ಭಾರ ಹೊರುವ ಶಕ್ತಿ ಬರುತ್ತದೆ. ಆದರೆ ಸ್ತನದಲ್ಲೇ ಸ್ನಾಯು ಇಲ್ಲದ ಕಾರಣ ಯಾವ ವ್ಯಾಯಾಮವೂ ಅದನ್ನು ಕರಗಿಸಲಾರದು. ಮುಲಾಮು, ಎಣ್ಣೆಯ ತಿಕ್ಕಾಟ, ಜಾಹೀರಾತಿನ ಗುಳಿಗೆ ಇವುಗಳಿಂದ ಗಾತ್ರ ಇಳಿಯುವುದಿಲ್ಲ; ಇಳಿಯುವುದು ಹಣ. ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟುವುದರಿಂದ ಬೆಳವಣಿಗೆ ನಿಲ್ಲುವುದಿಲ್ಲ. ಉಸಿರಾಟಕ್ಕೆ ತೊಂದರೆ, ಚರ್ಮಕ್ಕೆ ಹುಣ್ಣು, ಇಷ್ಟೇ ಲಾಭ.

2002ರಲ್ಲಿ ಅಮೆರಿಕದ ಸುರೂಪ ಶಸ್ತ್ರಚಿಕಿತ್ಸಕರ ನಿಯತಕಾಲಿಕದಲ್ಲಿ ಈ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ತೂಕ ಇಳಿಸುವುದು, ವ್ಯಾಯಾಮ, ವಿಶೇಷ ಒಳ ಉಡುಪು ಇವುಗಳಿಂದ ಇಂಥ ಹೆಣ್ಣುಮಕ್ಕಳಿಗೆ ಶಾಶ್ವತ ಪರಿಹಾರ ಸಿಗಲಿಲ್ಲ. ಶಸ್ತ್ರಚಿಕಿತ್ಸೆಯಿಂದ ನೋವು ಗಮನಾರ್ಹವಾಗಿ ಇಳಿಯಿತು. ಎಂದರೆ, ಇದು ಅಂದಕ್ಕಾಗಿ ಮಾಡಿಸಿಕೊಳ್ಳುವ ಶೋಕಿಯ ಕೆಲಸವಲ್ಲ. ನೋವಿಗೆ ಮಾಡುವ ಚಿಕಿತ್ಸೆ.

ಕೊಯ್ಯಬಹುದು, ಬದುಕಿಸುವುದು ಹೇಗೆ?

ಈ ತೊಂದರೆ ಹೊಸದಲ್ಲ. 1669ರಷ್ಟು ಹಿಂದೆಯೇ ಇಂಗ್ಲೆಂಡಿನ ಪ್ಲಿಮತ್ ಊರಿನ ವೈದ್ಯ ವಿಲಿಯಂ ಡರ್ಸ್ಟನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಗೆ ಒಂದು ವರದಿ ಬರೆದಿದ್ದ. ಒಬ್ಬ ಯುವತಿಯ ಸ್ತನಗಳು ಇದ್ದಕ್ಕಿದ್ದಂತೆ ಊದತೊಡಗಿ ನಿಲ್ಲಲೇ ಇಲ್ಲ. ಆಕೆ ತೀರಿಹೋದ ಮೇಲೆ ಒಂದು ಬದಿಯನ್ನು ತೂಗಿ ನೋಡಿದರೆ 64 ಪೌಂಡು, ಅಂದರೆ ಸುಮಾರು 29 ಕಿಲೋ! ವೈದ್ಯ ತೂಗಿ ಬರೆದಿಡಬಲ್ಲವನಾಗಿದ್ದ, ಉಳಿಸಬಲ್ಲವನಾಗಿರಲಿಲ್ಲ.

ಹೆಚ್ಚಿನ ಅಂಗಾಂಶವನ್ನು ಕೊಯ್ದು ತೆಗೆಯುವುದೇ ದೊಡ್ಡ ಕೆಲಸವಲ್ಲ. ಉಳಿದ ಭಾಗಕ್ಕೆ, ಮುಖ್ಯವಾಗಿ ಮೊಲೆತೊಟ್ಟಿಗೆ, ರಕ್ತ ಹರಿಯುತ್ತಿರಬೇಕು. ಜೋತುಬಿದ್ದ ತೊಟ್ಟನ್ನು ಮೇಲಿನ ಹೊಸ ಜಾಗಕ್ಕೆ ಒಯ್ಯಬೇಕು, ಆದರೆ ದಾರಿಯಲ್ಲಿ ಅದು ಸಾಯಬಾರದು. ರಕ್ತ ನಿಂತರೆ ಅಂಗಾಂಶ ಕಪ್ಪಾಗಿ ಕೊಳೆಯುತ್ತದೆ. ಈ ತೊಡಕನ್ನು ಬಿಡಿಸುವ ಉಪಾಯ ನಮ್ಮ ದೇಶದಲ್ಲಿ ಬಹು ಹಿಂದೆಯೇ ಗೊತ್ತಿತ್ತು. ಸ್ತನಕ್ಕಲ್ಲ, ಮೂಗಿಗೆ.

1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜೀ ಎಂಬ ಮರಾಠಿ ಒಕ್ಕಲಿಗ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳಿಸಿದರು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳು ಹಾಳೆಯಿಂದ ಮೂಗಿನ ಅಚ್ಚು ತೆಗೆದು, ಅದನ್ನು ಹಣೆಯ ಮೇಲೆ ಹಾಸಿ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಹಣೆಯ ಚರ್ಮ ಬಿಡಿಸಿದ. ಆದರೆ ಪೂರ್ತಿ ಬಿಡಿಸಲಿಲ್ಲ. ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಅಂಟಿಕೊಂಡೇ ಇರಲು ಬಿಟ್ಟು, ಚರ್ಮವನ್ನು ಕೆಳಗೆ ತಿರುಗಿಸಿ ಮೂಗಿನ ಜಾಗದಲ್ಲಿ ಕೂಡಿಸಿದ. ಆ ಪಟ್ಟಿಯ ಮೂಲಕ ರಕ್ತ ಹರಿಯುತ್ತಿತ್ತು. ಹೊಸ ಜಾಗದಲ್ಲಿ ಬೇರು ಬಿಟ್ಟ ಮೇಲೆ, ಸುಮಾರು 25ನೆಯ ದಿನ, ಪಟ್ಟಿಯನ್ನು ಕತ್ತರಿಸುವುದು ಕ್ರಮ. ಇದನ್ನು ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಚಿತ್ರಸಹಿತ ಪ್ರಕಟಿಸಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಅದೇ ಕ್ರಮದಲ್ಲಿ ಮೂಗು ಕಟ್ಟಿದ. ಹೊಸಕಾಲದ ಸುರೂಪ ಶಸ್ತ್ರಚಿಕಿತ್ಸೆಗೆ ಇದು ದೊಡ್ಡ ತಿರುವಾಯಿತು.

ಹಿತ್ತಲಿನ ಕುಂಬಳದ ಬಳ್ಳಿಯನ್ನು ಬೇಲಿಯಿಂದ ಎತ್ತಿ ಮಾಳಿಗೆಗೆ ಹಬ್ಬಿಸುವವರು ಬುಡ ಕಡಿಯುವುದಿಲ್ಲ. ಕಾಯಿ ಎಲ್ಲಿಗೆ ಹೋದರೂ ಬಳ್ಳಿ ನೆಲದಿಂದ ನೀರು ತರುತ್ತಿರುತ್ತದೆ. ಮೂಗಿನ ಉಪಾಯವೂ ಇದೇ, ಸ್ತನದ ಶಸ್ತ್ರಚಿಕಿತ್ಸೆಯ ಉಪಾಯವೂ ಇದೇ.

ಆದರೆ ಸ್ತನದ ವಿಷಯದಲ್ಲಿ ಅದು ಕೈಗೂಡಲು ಬಹುಕಾಲ ಹಿಡಿಯಿತು. 1922ರಲ್ಲಿ ಷಿಕಾಗೋದ ಮ್ಯಾಕ್ಸ್ ಥೋರೆಕ್ ತೊಟ್ಟನ್ನು ಪೂರ್ತಿ ಬಿಡಿಸಿ, ಹೊಸ ಜಾಗದಲ್ಲಿ ಕಸಿಯಂತೆ ಕೂಡಿಸುವ ಕ್ರಮ ತಂದ. ಬಳ್ಳಿ ಕಡಿದ ಕಸಿ ಅದು. ಸ್ಪರ್ಶಜ್ಞಾನವೂ ಹಾಲೂಡಿಸುವ ಶಕ್ತಿಯೂ ಹೋಗುತ್ತಿದ್ದವು. ಅತಿ ದೊಡ್ಡ ಸ್ತನಗಳಿಗೆ ಇಂದಿಗೂ ಕೆಲವೊಮ್ಮೆ ಅದೇ ಸುರಕ್ಷಿತ ದಾರಿ. 1930ರಲ್ಲಿ ಶ್ವಾರ್ಟ್ಸ್‌ಮನ್ ಎಂಬ ವೈದ್ಯ ತೊಟ್ಟಿನ ಸುತ್ತಲ ಒಳಚರ್ಮವನ್ನು ಉಳಿಸಿಕೊಂಡರೆ ರಕ್ತ ಹರಿಯುತ್ತಲೇ ಇರುತ್ತದೆಂದು ತೋರಿಸಿದ. 1956ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಎಲ್ಲಿ ಕೊಯ್ಯಬೇಕೆಂಬುದಕ್ಕೆ ಒಂದು ನಮೂನೆ ಮಾಡಿಕೊಟ್ಟ. ಅದಕ್ಕೆ ಅವನು ಆಧಾರವಾಗಿ ಹಿಡಿದದ್ದು ಒಳ ಉಡುಪು ಕತ್ತರಿಸುವ ದರ್ಜಿಗಳ ಕಾಗದದ ನಮೂನೆಯನ್ನು! ಹಣೆಯ ಮೇಲೆ ಮೇಣದ ಹಾಳೆ ಹಾಸಿದ ಪುಣೆಯ ಕುಶಲಕರ್ಮಿಗೂ, ಎದೆಯ ಮೇಲೆ ನಮೂನೆಯಿಟ್ಟು ಗೆರೆ ಎಳೆದ ಅಮೆರಿಕದ ವೈದ್ಯನಿಗೂ ಬುದ್ಧಿ ಓಡಿದ್ದು ಒಂದೇ ದಾರಿಯಲ್ಲಿ.

ಶಸ್ತ್ರಚಿಕಿತ್ಸೆ ನಡೆಯುವ ಬಗೆ

ಕತ್ತಿ ಹಿಡಿಯುವ ಮೊದಲು ವೈದ್ಯರು ಪೆನ್ನು ಹಿಡಿಯುತ್ತಾರೆ. ಮಲಗಿದಾಗ ಸ್ತನದ ಆಕಾರ ಬದಲಾಗುವುದರಿಂದ ನಿಲ್ಲಿಸಿ ಅಥವಾ ಕೂರಿಸಿಯೇ ಗೆರೆಗಳನ್ನು ಗುರುತಿಸುತ್ತಾರೆ. ಆಮೇಲೆ ಪೂರ್ಣ ಅರಿವಳಿಕೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ತಾಸಿನ ಕೆಲಸ. ತೊಟ್ಟನ್ನು ಅದರ ‘ಬಳ್ಳಿ’ಯ ಸಮೇತ ಕಾಯ್ದುಕೊಂಡು, ಸುತ್ತಲಿನ ಹೆಚ್ಚಿನ ಗ್ರಂಥಿ, ಕೊಬ್ಬು, ಚರ್ಮವನ್ನು ತೆಗೆಯುತ್ತಾರೆ. ಉಳಿದದ್ದನ್ನು ಒಟ್ಟುಗೂಡಿಸಿ, ತೊಟ್ಟನ್ನು ಮೇಲೆ ಕೂಡಿಸಿ ಹೊಲಿಯುತ್ತಾರೆ. ತೆಗೆದ ಅಂಗಾಂಶವನ್ನು ತೂಗಿ, ಗಡ್ಡೆ ಇತ್ಯಾದಿ ಏನಾದರೂ ಇದೆಯೇ ಎಂದು ಸೂಕ್ಷ್ಮದರ್ಶಕದಡಿ ಪರೀಕ್ಷೆಗೆ ಕಳಿಸುತ್ತಾರೆ.

ಒಂದೆರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಗಬಹುದು. ಎರಡು ವಾರದ ಹೊತ್ತಿಗೆ ಕುಳಿತು ಓದುವ, ಬರೆಯುವ ಕೆಲಸಕ್ಕೆ ಅಡ್ಡಿಯಿಲ್ಲ. ಕೊಡ ಹೊರುವುದು, ಹೊಲದ ಕೆಲಸ, ಆಟ ಇವಕ್ಕೆ ನಾಲ್ಕರಿಂದ ಆರು ವಾರ ಕಾಯಬೇಕು. ಹೆಗಲ ಭಾರ ಇಳಿದದ್ದು ಮಾತ್ರ ಎದ್ದು ನಿಂತ ದಿನವೇ ಗೊತ್ತಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅದನ್ನು ಮುಚ್ಚಿಡಬಾರದು. ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಕೆಳಗಿನ ಮಡಿಕೆಯುದ್ದಕ್ಕೂ ಲಂಗರಿನಾಕಾರದ ಕಲೆ ಉಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ಕೆಂಪಾಗಿದ್ದು ವರ್ಷದ ಹೊತ್ತಿಗೆ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಲವರ ಚರ್ಮದಲ್ಲಿ ಕಲೆ ದಪ್ಪಗೆ ಉಬ್ಬುವುದುಂಟು. ರಕ್ತಸ್ರಾವ, ಸೋಂಕು, ಹೊಲಿಗೆ ಕೂಡುವಲ್ಲಿ ಗಾಯ ನಿಧಾನವಾಗಿ ಮಾಯುವುದು, ಎರಡು ಬದಿ ಸ್ವಲ್ಪ ಹೆಚ್ಚುಕಡಿಮೆಯಾಗುವುದು, ಸ್ಪರ್ಶಜ್ಞಾನ ಕುಗ್ಗುವುದು ಇವು ಸಾಧ್ಯ. ಅಪರೂಪಕ್ಕೆ ರಕ್ತ ಸಾಲದೆ ತೊಟ್ಟು ಹಾಳಾಗಬಹುದು. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಈ ಅಪಾಯ ಹೆಚ್ಚುತ್ತದೆ. ಸಿಗರೇಟು, ಬೀಡಿ ಮಾತ್ರವಲ್ಲ. ಎಲೆ ಅಡಿಕೆಯ ಜತೆಗಿನ ತಂಬಾಕೂ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿಯೂ ತಂಬಾಕೇ. ಅದನ್ನು ವಾರಗಳ ಮೊದಲೇ ಬಿಟ್ಟಿರಬೇಕು, ಮತ್ತು ವೈದ್ಯರಿಗೆ ನಿಜ ಹೇಳಬೇಕು.

ಟೆನಿಸ್ ಅಂಗಳದಿಂದ ಒಂದು ಉದಾಹರಣೆ

ಈ ವಿಷಯವನ್ನು ಬಹಿರಂಗವಾಗಿ ಹೇಳಿಕೊಂಡವರು ಕಡಿಮೆ. ಹೇಳಿಕೊಂಡವರಲ್ಲಿ ಹೆಸರಾದವಳು ರುಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್. 2008ರಲ್ಲಿ ಬಾಲಕಿಯರ ಫ್ರೆಂಚ್ ಓಪನ್ ಗೆದ್ದ ಆಕೆಗೆ ಮುಂದಿನ ಹಂತದಲ್ಲಿ ಎದೆಯ ಭಾರವೇ ಎದುರಾಳಿಯಾಯಿತು. ಬೆನ್ನು ನೋವು, ಚೆಂಡಿನತ್ತ ತಿರುಗುವ ವೇಗ ಕಡಿಮೆ. 2009ರಲ್ಲಿ, 17ರ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ತಾನು ಆಟಗಾರ್ತಿಯಲ್ಲದಿದ್ದರೂ ಇದನ್ನು ಮಾಡಿಸಿಕೊಳ್ಳುತ್ತಿದ್ದೆನೆಂದು ಮುಂದೆ ಹೇಳಿದಳು. 2017ರಲ್ಲಿ ಜಗತ್ತಿನ ಒಂದನೆಯ ಸ್ಥಾನಕ್ಕೇರಿದಳು, 2018ರಲ್ಲಿ ಫ್ರೆಂಚ್ ಓಪನ್ ಗೆದ್ದಳು, 2019ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಸೆರೆನಾ ವಿಲಿಯಮ್ಸ್‌ಳನ್ನು 6-2, 6-2ರಿಂದ ಸೋಲಿಸಿದಳು.

ಶಸ್ತ್ರಚಿಕಿತ್ಸೆಯಿಂದಲೇ ಗೆದ್ದಳೆಂದು ಹೇಳಲಾಗದು. ಹತ್ತು ವರ್ಷದ ದುಡಿಮೆ ಅದರ ಹಿಂದಿದೆ. ಆದರೆ ದುಡಿಯಲು ಅಡ್ಡವಾಗಿದ್ದ ಒಂದು ಕಲ್ಲು ದಾರಿಯಿಂದ ಸರಿಯಿತು. ನಮ್ಮ ಹಳ್ಳಿಯ ಹುಡುಗಿಗೆ ವಿಂಬಲ್ಡನ್ ಬೇಕಾಗಿಲ್ಲ. ಮೂರು ತಾಸು ಕುಳಿತು ಪರೀಕ್ಷೆ ಬರೆಯಬೇಕು, ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಬೇಕು. ಅವಳ ಕಲ್ಲೂ ಕಲ್ಲೇ.

ಮದುವೆಗೆ ಮೊದಲೋ, ಆಮೇಲೋ?

ಮನೆಯಲ್ಲಿ ವಿಷಯ ಎತ್ತಿದೊಡನೆ ಬರುವ ಮಾತು ಇದು: ‘ಮದುವಿ ಆಗಲಿ, ಎರಡು ಮಕ್ಕಳಾಗಲಿ, ಆಮ್ಯಾಲೆ ನೋಡೂಣು.’ ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಹಾಲಿನ ಗ್ರಂಥಿ, ನಾಳಗಳ ಒಂದು ಪಾಲು ಹೋಗುತ್ತದೆ. ತೊಟ್ಟಿನ ಬಳ್ಳಿ ಉಳಿಸಿದ ಕ್ರಮದಲ್ಲಿ ಅನೇಕರು ಮುಂದೆ ಹಾಲೂಡಿಸುತ್ತಾರೆ. ಆದರೆ ಹಾಲು ಸಾಲದೆ ಹೋಗಬಹುದು, ಖಾತ್ರಿ ಕೊಡುವಂತಿಲ್ಲ. ಬಸಿರು ಬಾಣಂತನದಲ್ಲಿ ಸ್ತನದ ಆಕಾರ ಮತ್ತೆ ಬದಲಾಗಲೂಬಹುದು. ಕಾಯುವುದಕ್ಕೆ ಇವು ಕಾರಣಗಳು.

ಕಾಯದಿರುವುದಕ್ಕೂ ಕಾರಣಗಳಿವೆ. ಹದಿನೆಂಟರ ಹುಡುಗಿಗೆ ‘ಎರಡು ಮಕ್ಕಳಾದ ಮೇಲೆ’ ಎಂದರೆ ಹತ್ತು ವರ್ಷವಾಗಬಹುದು. ಆ ಹತ್ತು ವರ್ಷ ಅವಳು ಓದುವ, ಆಡುವ, ನೌಕರಿ ಹಿಡಿಯುವ ವರ್ಷಗಳು. ಮದುವೆ ಬೆನ್ನುನೋವಿಗೆ ಔಷಧವಲ್ಲ. ತೂಕದ ಜತೆ ಬಾಗಿದ ಬೆನ್ನಿಗೆ ಬಾಗುವುದೇ ರೂಢಿಯಾಗುತ್ತದೆ. ಎರಡೂ ತಟ್ಟೆಗಳಲ್ಲಿ ತೂಕವಿರುವ ತಕ್ಕಡಿ ಇದು. ನೋವು ಸಣ್ಣದಾಗಿದ್ದರೆ ಕಾಯಬಹುದು, ದೊಡ್ಡದಾಗಿದ್ದರೆ ಕಾಯಿಸುವುದು ಅನ್ಯಾಯ. ತಕ್ಕಡಿ ಹಿಡಿಯಬೇಕಾದವಳು ನೋವು ಹೊತ್ತವಳೇ. ಹಿರಿಯರು ಬೆಳಕು ಹಿಡಿಯಬೇಕು.

ಆದರೆ ಅವಸರವೂ ಸಲ್ಲದು. ಬೆಳವಣಿಗೆ ನಡೆಯುತ್ತಿರುವಾಗಲೇ ಮಾಡಿಸಿದರೆ ಮತ್ತೆ ಬೆಳೆಯಬಹುದು. ಆದ್ದರಿಂದ ಗಾತ್ರ ಆರು ತಿಂಗಳಿಂದ ವರ್ಷದವರೆಗೆ ಬದಲಾಗದೆ ನಿಂತಿದೆಯೇ ಎಂದು ವೈದ್ಯರು ನೋಡುತ್ತಾರೆ. ಸಾಮಾನ್ಯವಾಗಿ ಹದಿಹರೆಯದ ಕೊನೆಯವರೆಗೆ ಕಾಯುವುದು ರೂಢಿ. ವಿಪರೀತ ಬೆಳವಣಿಗೆಯ ವಿರಳ ಪ್ರಕರಣಗಳಲ್ಲಿ ಮಾತ್ರ ಮೊದಲೇ ಮಾಡಬೇಕಾದೀತು. ಆಗ ಎರಡನೆಯ ಸಲ ಬೇಕಾಗುವ ಸಂಭವವನ್ನೂ ತಿಳಿದಿರಬೇಕು.

ತಂದೆತಾಯಿಗಳು ಗಮನಿಸಬೇಕಾದ್ದು

ಒಂದೇ ಬದಿ ಬೇಗಬೇಗ ದೊಡ್ಡದಾಗುತ್ತಿದ್ದರೆ, ಕೈಗೆ ಗಡ್ಡೆ ಸಿಕ್ಕರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹರೆಯದ ಹುಡುಗಿಯರಲ್ಲಿ ಅದು ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಗಡ್ಡೆಯಾಗಿರುತ್ತದೆ, ಗಡ್ಡೆಯನ್ನಷ್ಟೇ ತೆಗೆದರೆ ಮುಗಿಯಿತು. ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ಮೊದಲ ತಪಾಸಣೆಗೆ ದೂರ ಹೋಗಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿ ಶುರು ಮಾಡಬಹುದು. ಲೇಡಿ ಡಾಕ್ಟರು ಬೇಕೆಂದು ಕೇಳುವುದರಲ್ಲಿ ತಪ್ಪೇನಿಲ್ಲ. ಅಲ್ಲಿಂದ ಗದಗ, ಹುಬ್ಬಳ್ಳಿಯಂಥ ಊರುಗಳ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಪಡೆದು, ಸುರೂಪ ಶಸ್ತ್ರಚಿಕಿತ್ಸಕರು ಎಲ್ಲಿ ಸಿಗುತ್ತಾರೆಂದು ವಿಚಾರಿಸಬಹುದು. ಈ ಕೆಲಸ ಮಾಡುವವರು ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಸುರೂಪ ಶಸ್ತ್ರಚಿಕಿತ್ಸೆಯಲ್ಲಿಯೇ ಎಂ.ಸಿಎಚ್.ನಂಥ ಉನ್ನತ ಪದವಿ ಪಡೆದಿರಬೇಕು. ‘ಅಂದ ಚಂದದ’ ಬೋರ್ಡು ಹಾಕಿಕೊಂಡವರೆಲ್ಲ ಅಂಥವರಲ್ಲ.

ಹೋದಾಗ ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಎಷ್ಟು ತೂಕ ತೆಗೆಯುತ್ತೀರಿ? ತೊಟ್ಟಿನ ರಕ್ತಸಂಚಾರ ಉಳಿಸುವ ಕ್ರಮ ಯಾವುದು? ಮುಂದೆ ಹಾಲೂಡಿಸುವ ಸಾಧ್ಯತೆ ಎಷ್ಟು? ಕಲೆ ಎಲ್ಲೆಲ್ಲಿ ಉಳಿಯುತ್ತದೆ? ಒಟ್ಟು ಖರ್ಚೆಷ್ಟು? ವಿಮಾ ಕಂಪನಿಗಳು ಅಂದದ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆದ್ದರಿಂದ ಇದು ನೋವಿನ ಚಿಕಿತ್ಸೆಯೆಂದು ವೈದ್ಯರಿಂದ ಬರೆಸಿಕೊಂಡು, ವಿಮೆಯವರಲ್ಲೂ ಸರ್ಕಾರಿ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲೂ ಮುಂಚಿತವಾಗಿ ವಿಚಾರಿಸಬೇಕು. ಹದಿನೆಂಟು ತುಂಬದವಳಿಗೆ ಪಾಲಕರ ಒಪ್ಪಿಗೆಯ ಸಹಿ ಬೇಕು. ಸಹಿ ನಿಮ್ಮದಾದರೂ ಮೈ ಅವಳದು. ಅವಳ ಮನಸ್ಸಿಲ್ಲದೆ ಯಾರೂ ಒತ್ತಾಯದಿಂದ ಮಾಡಿಸಬಾರದು. ಗಾತ್ರ ದೊಡ್ಡದಿದ್ದರೂ ನೋವಿಲ್ಲದೆ, ನೆಮ್ಮದಿಯಿಂದ ಇರುವವಳಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ.

ಶಾಲೆ ಕಾಲೇಜಿನ ಹು�ಡುಗರಿಗೂ ಒಂದು ಮಾತು. ಕುಂಟುವವನನ್ನು ನೋಡಿ ನಗಬಾರದೆಂದು ಮನೆಯಲ್ಲಿ ಕಲಿಸಿದ್ದಾರೆ. ಇದೂ ಹಾಗೆಯೇ. ಹಿಂದಿನ ಬೆಂಚಿನಿಂದ ಬಂದ ಒಂದು ಅಡ್ಡಮಾತು ಒಬ್ಬಳ ಆಟ ಬಿಡಿಸಬಲ್ಲದು, ಒಬ್ಬಳ ಕಾಲೇಜನ್ನೇ ಬಿಡಿಸಬಲ್ಲದು.

ಇಷ್ಟೆಲ್ಲ ವಿಜ್ಞಾನ, ಇಷ್ಟು ವರ್ಷಗಳ ಪ್ರಯತ್ನ, ನಮೂನೆ, ಹೊಲಿಗೆ ಯಾವುದೂ ಕೆಲಸಕ್ಕೆ ಬರಬೇಕಾದರೆ ಅದಕ್ಕೂ ಮೊದಲು ಒಂದು ಮಾತು ಆಗಬೇಕು. ಅದು ಆಸ್ಪತ್ರೆಯಲ್ಲಿ ಆಗುವುದಲ್ಲ, ಅಡಿಗೆಮನೆಯಲ್ಲಿ. ರೊಟ್ಟಿ ಬಡಿಯುವ ತಾಯಿಯ ಬಳಿ ಬಂದು ಮಗಳು, ‘ಅವ್ವಾ, ಬೆನ್ನ ಭಾಳ ನೋಯಾಕತ್ತೈತಿ’ ಎಂದಾಗ, ‘ಎಲ್ಲಾರಿಗೂ ನೋಯ್ತೈತಿ, ಸುಮ್ಮಕಿರು’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಎಲ್ಲೆ ನೋಯ್ತೈತಿ, ತೋರಸು’ ಎಂದರೆ ಉಡಿ ಸುರುವುವ ಬದು ಅಲ್ಲಿಂದ ದೂರವಿಲ್ಲ.